ಕನ್ನಡ ಮಾತಾಡುವವರು ಬೇಕಾಗಿದ್ದಾರೆ

ಅಮೆರಿಕಕ್ಕೆ ಹೋಗಿ ಬಂದವರನ್ನು ಧಾರವಾಡದಲ್ಲಿ ಮೊದಲು ಕೇಳುವುದು ಏನೇನು ನೋಡಿದಿರಿ ಎಂದು. ನಾನು ಹೆಚ್ಚೇನೂ ನೋಡಲಿಲ್ಲ. ಷಿಕಾಗೋದ ಎತ್ತರದ ಕಟ್ಟಡಗಳನ್ನು ವಿಮಾನದ ಕಿಟಕಿಯಿಂದ ಕಂಡೆ. ದಂಡೆ ಕಾಣದ ಸರೋವರವನ್ನು ಒಮ್ಮೆ ಕಂಡೆ. ಉಳಿದಂತೆ ನಾನು ನೋಡಿದ್ದು ಒಂದು ವೆಬ್‌ಸೈಟು. ಚಳಿಗಾಲ ಪೂರ್ತಿ ಅದನ್ನೇ ನೋಡಿದೆ.

ಅಮೆರಿಕ ದೊಡ್ಡ ದೇಶ ಎನ್ನುತ್ತಾರೆ. ನಾನು ಇಳಿದದ್ದು ಅದರ ಹೊಟ್ಟೆಯೊಳಗಿನ ಒಂದು ಪುಟ್ಟ ದೇಶದಲ್ಲಿ. ಅಲ್ಲಿಯ ಕನ್ನಡಿಗರ ದೇಶ ಅದು. ಅದಕ್ಕೆ ಪೇಟೆ ಇಲ್ಲ, ಕಟ್ಟೆ ಇಲ್ಲ, ಬಸ್‌ಸ್ಟ್ಯಾಂಡ್ ಇಲ್ಲ. ಪ್ರಜೆಗಳು ಮೈಲುಗಟ್ಟಲೆ ದೂರದಲ್ಲಿ ಒಬ್ಬೊಬ್ಬರಾಗಿ ಚೆದುರಿ ಕುಳಿತಿದ್ದಾರೆ. ಪುರೋಹಿತರು ಬೇಕೆ, ರೊಟ್ಟಿ ಬೇಕೆ, ಭರತನಾಟ್ಯದ ಟೀಚರ್ ಬೇಕೆ, ಸಿನಿಮಾದ ಟಿಕೆಟ್ ಬೇಕೆ, ಎಲ್ಲಕ್ಕೂ ಫೋನನ್ನೇ ಒತ್ತಬೇಕು. ಆ ದೇಶ ಇರುವುದೇ ಫೋನಿನೊಳಗೆ. ನನಗೆ ಅಲ್ಲಿ ಬೇಕಾಗಿದ್ದದ್ದು ಒಂದೇ ವಸ್ತು. ಅದು ಸಿಕ್ಕಿತೇ ಇಲ್ಲವೇ ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಲೊಂಬಾರ್ಡ್

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಬೆಳಗ್ಗೆ ಐದಕ್ಕೆ ಏಳುತ್ತೇನೆ. ಹಾಸಿಗೆಯ ಹೊದಿಕೆಯ ಮೂಲೆಗಳನ್ನು ವಾರ್ಡಿನಲ್ಲಿ ಮಡಚಿಸುತ್ತಿದ್ದ ಹಾಗೆಯೇ ಮಡಚುತ್ತೇನೆ. ಆಮೇಲೆ ಚಹಾ. ಮದುವೆಯಾಗಲಿಲ್ಲ; ಮಡಚದ ಹಾಸಿಗೆಯವರ ಜೊತೆ ನನಗೆ ಬಾಳುವುದಾಗುತ್ತಿರಲಿಲ್ಲ.

ನನ್ನ ತಂಗಿ ವಿಮಲಾ ಡಾಕ್ಟರು. ಪೆಥಾಲಜಿ ಓದಿ ಷಿಕಾಗೋದ ಕಡೆಗೆ ಹೋಗಿ, ಅಲ್ಲಿಯೇ ದುಡಿದು, ಅಲ್ಲಿಯೇ ಗಂಡನನ್ನು ಕಳೆದುಕೊಂಡು, ಮಗಳು ಅನಿತಾಳ ಜೊತೆ ಲೊಂಬಾರ್ಡ್ ಎಂಬ ಊರಿನಲ್ಲಿ ಇದ್ದಾಳೆ. ಕಳೆದ ಮಳೆಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಲ್ಪ ಸ್ವಲ್ಪವಾಗಿ ತಿರುಗಿ ಬಂತು. ನಡೆಯುವುದೂ ಬಂತು. ಇಂಗ್ಲಿಷ್ ಬರಲಿಲ್ಲ.

ನಾಲ್ಕು ದಶಕ ಆ ಭಾಷೆಯಲ್ಲಿ ರಿಪೋರ್ಟು ಬರೆದವಳು, ಆ ಭಾಷೆಯಲ್ಲಿ ಮಗಳನ್ನು ಬೆಳೆಸಿದವಳು, ಈಗ ಮಗಳು ಬಾಯಿ ತೆರೆದರೆ ನನ್ನ ಕಡೆ ತಿರುಗಿ ಕೇಳುತ್ತಾಳೆ:

"ಅಕ್ಕಾ, ಇಕಿ ಏನಂತಾಳ?"

ಕೆಲವರಲ್ಲಿ ಹೀಗೂ ಆಗುತ್ತದೆ, ಆಮೇಲೆ ಕಲಿತದ್ದು ಹೋಗಿ ಮೊದಲು ಕಲಿತದ್ದು ಉಳಿಯುತ್ತದೆ ಎಂದು ಅಲ್ಲಿಯ ಡಾಕ್ಟರು ವಿವರಿಸಿದರು. ಉಳಿದದ್ದೂ ಬಳಸುತ್ತಿದ್ದರೆ ಮಾತ್ರ ಉಳಿದೀತು, ದಿನಾ ಯಾರಾದರೂ ಅವರ ಜೊತೆ ಮಾತಾಡುತ್ತಿರಬೇಕು ಎಂದೂ ಹೇಳಿದರು. ಅವರ ಕಡೆಯಿಂದ ಒಬ್ಬ ದುಭಾಷಿಯನ್ನು ಫೋನಿನಲ್ಲಿ ಜೋಡಿಸಿಕೊಟ್ಟರು. ಆತ ತೆಲುಗಿನವನು. ವಿಮಲಾ ಅವನ ಮಾತನ್ನು ಮರ್ಯಾದೆಯಿಂದ ಕೇಳಿಸಿಕೊಂಡು, "ಭಾಳ ಚಲೋ ಮನಷ್ಯಾ, ಆದ್ರ ಅವಗೂ ಲಕ್ವಾ ಹೊಡದದ ಕಾಣಸ್ತದ" ಎಂದಳು. ಆ ಚಳಿಗಾಲದಲ್ಲಿ ನಾನು ಮನಸಾರೆ ನಕ್ಕದ್ದು ಆಗ ಮಾತ್ರ.

ನನಗೆ ಆರು ತಿಂಗಳು ಇರಲು ಬಿಟ್ಟಿದ್ದರು. ನಾನು ಹೊರಡುವುದರೊಳಗೆ ವಿಮಲಾಳ ಎದುರು ವಾರಕ್ಕೊಮ್ಮೆಯಾದರೂ ಕುಳಿತು ಕನ್ನಡ ಮಾತಾಡುವ ಒಬ್ಬರನ್ನು ಹುಡುಕಿ ಇಡಬೇಕು. ಇದೇ ನನ್ನ ಕೆಲಸ. ನೂರಾರು ನರ್ಸುಗಳನ್ನು ಪಾಳಿಗೆ ಹಚ್ಚಿದವಳಿಗೆ ಇದೇನು ಮಹಾ ಎಂದುಕೊಂಡೆ.

ನಮ್ಮ ಊರಿನ ಕ್ರಮದಂತೆ ಪಕ್ಕದ ಮನೆಯಿಂದ ಶುರು ಮಾಡಿದೆ. ಪಕ್ಕದವರು ಕನ್ನಡಿಗರಲ್ಲ. ಆದರೂ ನೆರೆಯವರ ಪರಿಚಯವಿದ್ದರೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗುತ್ತದೆ. ಒಂದು ಬಟ್ಟಲಲ್ಲಿ ಉಪ್ಪಿಟ್ಟು ಮುಚ್ಚಿಕೊಂಡು, ಹಿಮದಲ್ಲಿ ಕಾಲಿಡುತ್ತ ಹೋಗಿ ಗಂಟೆ ಒತ್ತಿದೆ. ಬಾಗಿಲು ತೆರೆಯಲಿಲ್ಲ, ಗಂಟೆಯೇ ಮಾತಾಡಿತು. ಮನೆಯಾಕೆ ಎಲ್ಲೋ ದೂರದ ಆಫೀಸಿನಲ್ಲಿ ಕುಳಿತು ನನ್ನ ಮುಖವನ್ನು ನೋಡುತ್ತಿದ್ದಳಂತೆ. ಬಹಳ ಸಿಹಿಯಾಗಿ, ಏನಿದ್ದರೂ ಬಾಗಿಲ ಬಳಿ ಇಟ್ಟುಹೋಗಿ ಎಂದಳು. ಇಟ್ಟು ಬಂದೆ. ಮರುದಿನ ಬಟ್ಟಲು ತೊಳೆದು ನಮ್ಮ ಬಾಗಿಲ ಬಳಿ ಇತ್ತು. ಆರು ತಿಂಗಳಲ್ಲಿ ಆ ಹೆಂಗಸನ್ನು ನಾನು ಕಾಣಲಿಲ್ಲ.

"ದೊಡ್ಡವ್ವಾ, ನೋಬಡಿ ನಾಕ್ಸ್ ಹಿಯರ್. ಎವ್ರಿಥಿಂಗ್ ಈಸ್ ಆನ್‌ಲೈನ್" ಎಂದು ಅನಿತಾ ಆ ವೆಬ್‌ಸೈಟು ತೆರೆದು ತೋರಿಸಿದಳು.

ಮೇಲೆ ಕೆಂಪು ಹಳದಿ ಬಾವುಟ. ಕೆಳಗೆ ಕನ್ನಡ ಉಳಿಸಿ ಬೆಳೆಸಿ ಎಂಬ ಸಾಲು. ಅದರ ಕೆಳಗೆ ವಿಭಾಗಗಳು. ಸೇವೆಗಳು ಎಂಬಲ್ಲಿ ಅಡುಗೆ, ಪೂಜೆ, ಟ್ಯಾಕ್ಸು, ಮನೆ ಮಾರಾಟ, ಮಗು ನೋಡಿಕೊಳ್ಳುವುದು. ಮನರಂಜನೆ ಎಂಬಲ್ಲಿ ಸಿನಿಮಾ, ಅಂತ್ಯಾಕ್ಷರಿ, ಕ್ರಿಕೆಟ್ಟು, ಊರಿನಿಂದ ಬರುವ ಹಾಸ್ಯಗಾರರು. ಎಲ್ಲವೂ ಇತ್ತು. ಮಾತಾಡುವವರು ಯಾವ ವಿಭಾಗದಲ್ಲಿಯೂ ಇರಲಿಲ್ಲ. ಅನಿತಾ ನಮ್ಮ ಜಾಹೀರಾತನ್ನು 'ಇತರೆ' ಎಂಬಲ್ಲಿ ಹಾಕಿದಳು. ಅಲ್ಲಿ ನಮ್ಮ ಮೇಲೆ ಒಂದು ಹಳೆಯ ಸೋಫಾ ಇತ್ತು, ಕೆಳಗೆ ಒಂದು ಟ್ರೆಡ್‌ಮಿಲ್.

ಬರಹ ನನ್ನದು. ಲೊಂಬಾರ್ಡಿನಲ್ಲಿ ನನ್ನ ತಂಗಿಯ ಜೊತೆ ಕುಳಿತು ಕನ್ನಡ ಮಾತಾಡುವವರು ಬೇಕಾಗಿದ್ದಾರೆ. ಆಕೆಗೆ ಪಾರ್ಶ್ವವಾಯುವಾಗಿ ಕನ್ನಡವೊಂದೇ ಉಳಿದಿದೆ. ನಾನು ಆಕೆಯ ಅಕ್ಕ, ನಿವೃತ್ತ ಮೇಟ್ರನ್, ವಸಂತದಲ್ಲಿ ಊರಿಗೆ ಹೋಗಬೇಕು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಂಜೆಯೊಳಗೆ ಅದರ ಕೆಳಗೆ ಕೆಂಪು ಹೃದಯಗಳೂ ಮುಗಿದ ಕೈಗಳೂ ತುಂಬಿದವು. 'ಸೋ ಟಚಿಂಗ್' ಎಂದು ಒಬ್ಬರು. 'ಇದೇ ನಮ್ಮ ತಾಯಿನುಡಿಯ ಶಕ್ತಿ' ಎಂದು ಇನ್ನೊಬ್ಬರು. ಬರುತ್ತೇನೆ ಎಂದು ಒಬ್ಬರೂ ಬರೆಯಲಿಲ್ಲ.

ಅಂದು ಊಟದ ಹೊತ್ತಿಗೆ ನಾನು ಅನಿತಾಳಿಗೆ ನೇರವಾಗಿಯೇ ಹೇಳಿದೆ. "ಊರಿಗೆಲ್ಲಾ ಡಂಗುರಾ ಹೊಡಿಯೂದು ಬಿಟ್ಟು ನೀನ ಕಲೀಬಾರದೇನ? ನಿಮ್ಮವ್ವನ್ನ ಊಟ ಆತೇನು ಅಂತ ಕೇಳಾಕ ಬ್ಯಾರೇದವರು ಬರಬೇಕೇನು?"

ಅನಿತಾ ಚಮಚ ಕೆಳಗಿಟ್ಟಳು. "ಐ ಅಂಡರ್‌ಸ್ಟ್ಯಾಂಡ್ ಎವ್ರಿಥಿಂಗ್, ದೊಡ್ಡವ್ವಾ. ಐ ಜಸ್ಟ್ ಕಾಂಟ್ ಸೇ ಇಟ್. ವೆನ್ ಐ ವಾಸ್ ಲಿಟಲ್, ಇಫ್ ಐ ಸ್ಪೋಕ್ ಕನ್ನಡ, ಅಮ್ಮ ವುಡಂಟ್ ಆನ್ಸರ್. ಇಂಗ್ಲಿಷ್ ಓನ್ಲಿ ಅಟ್ ಹೋಮ್. ಇಟ್ ವಾಸ್ ಹರ್ ರೂಲ್."

ವಿಮಲಾ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ಜಗಳದಲ್ಲಿ ನನ್ನ ಪಾಲಿನ ಮಾತನ್ನು ತಿಳಿದುಕೊಂಡಳು, ಮಗಳ ಪಾಲಿನದು ತಿಳಿಯಲಿಲ್ಲ. "ಯಾಕ ಜಗಳಾಡ್ತೀರಿ? ಸಾರಿಗೆ ಉಪ್ಪ ಕಮ್ಮಿ ಆಗೇದೇನು?" ಎಂದಳು.

ನಮ್ಮ ಮನೆತನವೇ ನಿಯಮದ್ದು. ಒಮ್ಮೆ ಇಟ್ಟ ನಿಯಮವನ್ನು ನಾವು ಸಡಿಲಿಸುವುದಿಲ್ಲ. ಶಾಲೆಯಲ್ಲಿ ಮಗು ಹಿಂದೆ ಬೀಳುತ್ತದೆ ಎಂದು ಯಾರೋ ಹೆದರಿಸಿದ್ದಕ್ಕೆ ವಿಮಲಾ ಆ ನಿಯಮ ಮಾಡಿದ್ದಳಂತೆ. ಈಗ ಅದು ಅವಳನ್ನೇ ಹೊರಗಿಟ್ಟು ಚಿಲಕ ಹಾಕಿತ್ತು. ನಾನು ಎದ್ದು ಪಾತ್ರೆ ತೊಳೆದೆ.

ವೆಸ್ಟ್‌ಮಂಟ್

ಕೊನೆಗೆ ಒಂದು ಫೋನು ಬಂತು. ವೆಸ್ಟ್‌ಮಂಟಿನಿಂದ ದೀಪಾ ಎಂಬ ಹುಡುಗಿ, ಬೆಂಗಳೂರಿನವಳು. "ಆಂಟಿ, ನಿಮ್ಮ ಪೋಸ್ಟ್ ನೋಡಿದೆ. ಒಂದ್ಸಲ ಮನೆಗೆ ಬನ್ನಿ, ಮೀಟ್ ಮಾಡೋಣ" ಎಂದಳು. ವಿಮಲಾಳಿಗೆ ಇಳಕಲ್ ಸೀರೆ ಉಡಿಸಿದೆ. ಅವಳು ಕನ್ನಡಿಯ ಮುಂದೆ ನಿಂತು ಬೈತಲೆಯನ್ನು ತಾನೇ ಎಡಗೈಯಿಂದ ತಿದ್ದಿಕೊಂಡಳು. ಕಾಯಿಲೆಯಾದ ಮೇಲೆ ಅದೇ ಮೊದಲು.

ಒಂದೇ ಬಣ್ಣದ, ಒಂದೇ ಆಕಾರದ ಮನೆಗಳ ಸಾಲಿನಲ್ಲಿ ಅನಿತಾಳೂ ದಾರಿ ತಪ್ಪಿದಳು. ನಮ್ಮಲ್ಲಾದರೆ ಗಾಡಿ ನಿಲ್ಲಿಸಿ ಪಾನ್ ಅಂಗಡಿಯವನನ್ನು ಕೇಳುತ್ತೇವೆ. ಅಲ್ಲಿ ರಸ್ತೆಯಲ್ಲಿ ಮನುಷ್ಯರೇ ಇಲ್ಲ. ಫೋನು ಹೇಳಿದ ಕಡೆ ತಿರುಗುತ್ತ ಒಂದೇ ಮನೆಯ ಮುಂದೆ ಮತ್ತೆ ಮತ್ತೆ ಹಾದೆವು. ಮೂಲೆ ಮನೆಯ ನಾಯಿಗೆ ನಮ್ಮ ಕಾರಿನ ಗುರುತು ಹತ್ತಿ, ಬೊಗಳುವುದನ್ನು ಬಿಟ್ಟು ಬಾಲ ಅಲ್ಲಾಡಿಸತೊಡಗಿತು.

ದೀಪಾ ಒಳ್ಳೆಯ ಕಾಫಿ ಕೊಟ್ಟಳು. ಕಂಕುಳಲ್ಲಿ ಹಸುಗೂಸು. ಕಣ್ಣ ಕೆಳಗೆ ಕಪ್ಪು. ಮಾತು ಶುರುವಾದ ಸ್ವಲ್ಪದರಲ್ಲಿಯೇ ನನಗೆ ವಾಸನೆ ಹತ್ತಿತು. ಅವಳು ವಿಮಲಾಳನ್ನು ನೋಡುತ್ತಲೇ ಇರಲಿಲ್ಲ.

"ಆಂಟಿ, ನೀವು ಮೇಟ್ರನ್ ಅಂತ ಬರೆದಿದ್ರಲ್ಲ. ನಮ್ಮತ್ತೆಗೆ ವೀಸಾ ಆಗಲಿಲ್ಲ. ನನ್ನ ಲೀವ್ ಮುಗೀತಿದೆ. ನೀವು ಏಪ್ರಿಲ್ ತನಕ ಇರ್ತೀರಲ್ವಾ? ಡೇಟೈಮ್ ಅಷ್ಟೇ. ಪಾಪುನ ನೋಡ್ಕೊಂಡ್ರೆ ಸಾಕು. ಪಿಕಪ್ ಡ್ರಾಪ್ ನಾನೇ ಮಾಡ್ತೀನಿ."

"ನಾನು ತಂಗಿಗೆ ಜನ ಬೇಕು ಅಂತ ಬರೆದದ್ದು" ಎಂದೆ.

"ಆಂಟಿನೂ ಕರ್ಕೊಂಡು ಬನ್ನಿ, ನೋ ಪ್ರಾಬ್ಲಮ್. ಸೋಫಾ ಮೇಲೆ ಕೂತಿರ್ತಾರೆ."

ಹುಡುಗಿ ಕೆಟ್ಟವಳಲ್ಲ. ನಿದ್ದೆಗೆಟ್ಟವಳು. ಮಗುವಿನ ಹೊಕ್ಕುಳು ನೋಡಿ, ಹೇಗೆ ಒರೆಸಬೇಕು ಎಂದು ತೋರಿಸಿಕೊಟ್ಟು ಎದ್ದೆ. ಬಾಗಿಲಲ್ಲಿ ವಿಮಲಾ ಮಗುವಿನ ಕೆನ್ನೆ ಮುಟ್ಟಿ, "ಹೆಸರೇನ ಇಟ್ಟೀರಿ?" ಎಂದು ಕೇಳಿದಳು. ಅಷ್ಟರಲ್ಲಿ ದೀಪಾಳ ಫೋನು ಹಾಡಿತು. ಉತ್ತರ ಸಿಗಲಿಲ್ಲ.

ಆಮೇಲೆ ಇಂತಹ ಫೋನುಗಳು ಇನ್ನೂ ಬಂದವು. ಒಬ್ಬರಿಗೆ ಬಾಣಂತನ ಮಾಡಿಸಬೇಕಿತ್ತು. ಒಬ್ಬರ ಮಾವನವರಿಗೆ ಇಂಜೆಕ್ಷನ್ ಕೊಡಬೇಕಿತ್ತು. ಒಬ್ಬಾಕೆ ಜೋಳದ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು. ಆ ಪುಟ್ಟ ದೇಶದಲ್ಲಿ ಊರಿನಿಂದ ಬಂದ ಮುದುಕಿ ಎಂದರೆ ಖಾಲಿ ಇರುವ ಎರಡು ಕೈ. ಜಾಹೀರಾತಿನಲ್ಲಿ ನಮ್ಮಿಬ್ಬರಲ್ಲಿ ಕೆಲಸಕ್ಕೆ ಬರುವವಳು ಯಾರು ಎಂಬುದನ್ನು ಅವರೆಲ್ಲ ಸರಿಯಾಗಿಯೇ ಓದಿಕೊಂಡಿದ್ದರು.

ಎಲ್ಕ್ ಗ್ರೋವ್ ವಿಲೇಜ್

ವೆಬ್‌ಸೈಟು ನಡೆಸುವವರನ್ನೇ ಕಂಡು ಕೇಳುವುದೆಂದು ನಿಶ್ಚಯಿಸಿದೆ. ಮೇಲಧಿಕಾರಿಯನ್ನು ನೇರವಾಗಿ ಕಾಣಬೇಕು; ಇದು ನನ್ನ ಹಳೆಯ ಪಾಠ. ಅವರ ಹೆಸರು ಪ್ರಸನ್ನ, ಮೈಸೂರಿನವರು, ವಿಮಾನ ನಿಲ್ದಾಣದ ಹತ್ತಿರ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಸರಕು ಸಾಗಣೆಯ ಆಫೀಸು. ಹೆಸರಿನಲ್ಲಿ ಹಳ್ಳಿ ಇದೆ. ಊರಿನಲ್ಲಿ ಉದ್ದನೆಯ ಗೋದಾಮುಗಳು, ಲಾರಿಗಳು, ಕಿಟಕಿಯೇ ಇಲ್ಲದ ಬೂದು ಕಟ್ಟಡಗಳು.

ಪ್ರಸನ್ನ ಆಫೀಸಿನ ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಅವರ ಇಂಟರ್‌ನೆಟ್ ರೇಡಿಯೊ ಕೂಡ ಇತ್ತು. ನಾವು ಹೋದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದು ಕಂಪ್ಯೂಟರು ತನ್ನಷ್ಟಕ್ಕೆ ಸಿನಿಮಾ ಹಾಡುಗಳನ್ನು ಹಾಕುತ್ತಿತ್ತು. ನಡುನಡುವೆ ಒಬ್ಬ ಹುಡುಗಿಯ ದನಿ, "ಹಾಯ್ ಫ್ರೆಂಡ್ಸ್, ಹೇಗಿದೀರಾ?" ಎನ್ನುತ್ತಿತ್ತು.

ವಿಮಲಾ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಸ್ಪೀಕರಿಗೆ ಉತ್ತರ ಕೊಟ್ಟಳು. "ಆರಾಮ ಅದೀನವಾ. ನೀ ಹೆಂಗದಿ?"

ದನಿ ಮುಂದಿನ ಹಾಡಿಗೆ ಹೋಯಿತು.

"ಅದು ರೆಕಾರ್ಡಿಂಗ್, ಆಂಟಿ" ಎಂದು ಪ್ರಸನ್ನ ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಅದನ್ನು ಅವರ ಒಳ್ಳೆಯತನದ ಲೆಕ್ಕಕ್ಕೆ ಹಿಡಿಯಬೇಕು.

ನಾನು ನನ್ನ ಬೇಡಿಕೆ ಇಟ್ಟೆ. ಸೈಟಿನಲ್ಲಿ ಇಷ್ಟು ಜನ ಇದ್ದಾರೆ. ನಮ್ಮ ಲೊಂಬಾರ್ಡಿನ ಸುತ್ತ ಇರುವ ಹಿರಿಯರನ್ನು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಕೂಡಿಸಿರಿ. ಚಹಾ ಅವಲಕ್ಕಿ ನಾನು ಮಾಡುತ್ತೇನೆ. ಪಾಳಿಯ ವ್ಯವಸ್ಥೆಯೂ ನನ್ನದೇ.

"ಐಡಿಯಾ ಚೆನ್ನಾಗಿದೆ ಆಂಟಿ. ಬಟ್ ಡ್ರೈವ್ ಯಾರು ಮಾಡ್ತಾರೆ? ವಯಸ್ಸಾದೋರಿಗೆ ಲೈಸೆನ್ಸ್ ಇಲ್ಲ. ಮಕ್ಕಳು ಕೆಲಸಕ್ಕೆ ಹೋಗಿರ್ತಾರೆ. ನಮ್ಮಮ್ಮನೂ ಇಲ್ಲೇ ಇದಾರೆ, ಹದಿನೈದು ಮೈಲಿ ಅಷ್ಟೇ ನಿಮ್ಮನೆಯಿಂದ. ದಿನಾ ಇದೇ ರೇಡಿಯೊ ಕೇಳ್ತಾ ಇರ್ತಾರೆ."

"ಅವರನ್ನೇ ಕರೆತನ್ನಿ ಮತ್ತೆ!"

"ವೀಕೆಂಡ್ ಟ್ರೈ ಮಾಡ್ತೀನಿ."

ಅವರು ತರಲಿಲ್ಲ. ಫೋನಿನಲ್ಲಾದರೂ ಮಾತಾಡಿಸಿ ಎಂದೆ. ಅಮ್ಮನಿಗೆ ಕಿವಿ ಸರಿಯಿಲ್ಲ, ಹಾಡು ಮಾತ್ರ ಜೋರಾಗಿ ಹಾಕಿಕೊಳ್ಳುತ್ತಾರೆ ಎಂದರು.

ಹಿಂದಿರುಗುವಾಗ ಆ ಕಿಟಕಿಯಿಲ್ಲದ ಕಟ್ಟಡಗಳು ಏನು ಎಂದು ಕೇಳಿದೆ. ನಾವು ಫೋನಿನಲ್ಲಿ ನೋಡುವ ವೆಬ್‌ಸೈಟುಗಳು ಇರುವುದು ಇಂತಹ ಕಡೆಗಳಲ್ಲಿಯೇ, ಒಳಗೆ ಯಂತ್ರಗಳು ಮಾತ್ರ ಎಂದು ಅನಿತಾ ಹೇಳಿದಳು. ಅವು ಬಿಸಿಯಾಗದ ಹಾಗೆ ಹಗಲಿರುಳು ತಣ್ಣಗಿಟ್ಟು ಕಾಯುತ್ತಾರಂತೆ. ಯಂತ್ರಕ್ಕೆ ಅಷ್ಟು ಶುಶ್ರೂಷೆ.

ಡೆಟ್ರಾಯಿಟ್ ದಾರಿ

ಯುಗಾದಿಯ ಹೊತ್ತಿಗೆ ಆ ಸೈಟಿನಲ್ಲಿಯೇ ಇನ್ನೊಂದು ಪ್ರಕಟಣೆ ಬಂತು. ಡೆಟ್ರಾಯಿಟಿನ ಪಕ್ಕದ ನೋವೈ ಊರಿನಲ್ಲಿ ಯುಗಾದಿ ಸಂಭ್ರಮ, ಹಿರಿಯರಿಗಾಗಿ ವಿಶೇಷ ಮನರಂಜನೆ, ಹಿರಿಯರೆಲ್ಲ ಒಂದೆಡೆ ಸೇರುವ ಅಪೂರ್ವ ಅವಕಾಶ. ಒಂದೆಡೆ ಸೇರುವ ಎಂಬ ಮಾತಿಗೆ ನಾನು ಬಿದ್ದೆ. ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಅನಿತಾ ರಜೆ ಹಾಕಿದಳು.

ದಾರಿಯಲ್ಲಿ ಅವಳು ಹೆದ್ದಾರಿಯಿಂದ ಒಂದು ಎಕ್ಸಿಟ್ ತೆಗೆದುಕೊಂಡು ಸರೋವರದ ದಂಡೆಗೆ ಕಾರು ಇಳಿಸಿದಳು. ಆಚೆ ದಡ ಇಲ್ಲ. ಅಂಚಿನಲ್ಲಿ ಇನ್ನೂ ಮಂಜುಗಡ್ಡೆ. ಅನಿತಾ ತಾಯಿಯ ಭುಜ ಮುಟ್ಟಿ, "ಅಮ್ಮಾ, ಲುಕ್, ಲೇಕ್" ಎಂದಳು.

"ಕೆರಿ" ಎಂದಳು ವಿಮಲಾ.

"ಕೆರಿ" ಎಂದಳು ಅನಿತಾ.

ಅಷ್ಟು ದೊಡ್ಡ ನೀರಿಗೆ ಕೆರೆ ಎಂಬ ಹೆಸರು ಸಾಲದು. ಆದರೂ ತಾಯಿ ಮಗಳು ಒಂದೇ ವಸ್ತುವಿಗೆ ಒಂದೇ ಹೆಸರು ಹೇಳಿದ್ದನ್ನು ನಾನು ಅಲ್ಲಿ ಮೊದಲ ಸಲ ಕೇಳಿದೆ. ಅನಿತಾ ಕಾರಿನಲ್ಲಿ ಅದನ್ನು ಇನ್ನೆರಡು ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಲಾರಿಗಳ ಸಾಲು ಬಂತು, ಮರೆತಳೋ ಏನೋ.

ನೋವೈ

ನಾನು ಯಾವ ಕಾರ್ಯಕ್ರಮಕ್ಕೂ ತಡವಾಗಿ ಹೋದವಳಲ್ಲ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುವುದು ನನ್ನ ರೂಢಿ. ಆ ಲೆಕ್ಕದಲ್ಲಿಯೇ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದ್ದೆ. ಶಾಲೆಯೊಂದರ ಸಭಾಂಗಣ ಮುಟ್ಟಿದಾಗ ಒಳಗೆ ಆಗಲೇ ಚಪ್ಪಾಳೆ. ಡೆಟ್ರಾಯಿಟಿನ ಗಡಿಯಾರ ಷಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಅನಿತಾಳಿಗೆ ಗೊತ್ತಿತ್ತು, ಆದರೆ ಕನ್ನಡದವರ ಫಂಕ್ಷನ್ನು ಹೇಗೂ ಒಂದು ಗಂಟೆ ತಡವಾಗಿಯೇ ಶುರುವಾಗುತ್ತದೆ ಎಂದು ಸುಮ್ಮನಿದ್ದಳಂತೆ. ಅಂದು ಮಾತ್ರ ಅವರು ಹೊತ್ತಿಗೆ ಸರಿಯಾಗಿ ಶುರು ಮಾಡಿದ್ದರು. ಎಲ್ಲರೂ ಪರಸ್ಪರ ಪರಿಚಯ ಮಾಡಿಕೊಂಡ ಮೊದಲ ಗಂಟೆ ನಮ್ಮ ಕೈತಪ್ಪಿತ್ತು.

ಬಾಗಿಲಲ್ಲಿ ಒಬ್ಬ ಯುವಕ ಕಾಗದದ ಬಟ್ಟಲಲ್ಲಿ ಬೆಲ್ಲ ಕೊಟ್ಟ. ಬೇವು ಎಲ್ಲಿ ಎಂದೆ. "ಮಕ್ಕಳು ಉಗೀತಾರೆ ಆಂಟಿ, ಅದಕ್ಕೆ ಸ್ಕಿಪ್ ಮಾಡಿದೀವಿ." ಕಹಿಯನ್ನು ಬಾಗಿಲಲ್ಲಿಯೇ ಕೈಬಿಟ್ಟ ಯುಗಾದಿ. ಆ ಕಹಿ ಒಳಗೆ ಕಾದಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಹಿರಿಯರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹೆಗಲಿಗೊಂದು ಶಾಲು, ಕೈಗೊಂದು ಸೇಬು. ವಿಶೇಷ ಮನರಂಜನೆ ಎಂದರೆ ಮೊಮ್ಮಕ್ಕಳ ವಯಸ್ಸಿನವರು ಸಿನಿಮಾ ಹಾಡಿಗೆ ಕುಣಿಯುವುದು, ಇವರು ಕುಳಿತು ನೋಡುವುದು. ಸ್ಪೀಕರು ನಮ್ಮ ಎದೆಗೇ ಬಡಿಯುತ್ತಿತ್ತು. ವಾರ್ಡಿನಲ್ಲಿ ರೋಗಿಗಳನ್ನು ಸಾಲಾಗಿ ಕೂರಿಸುವುದು ನನಗೆ ಗೊತ್ತು. ನಾವು ಅವರನ್ನು ಮಾತಾಡಿಸುತ್ತಿದ್ದೆವು.

ವಿಮಲಾಳ ಪಕ್ಕದಲ್ಲಿ ಒಬ್ಬ ದಪ್ಪ ಮೂಗುತಿಯ ಹೆಂಗಸು. ಹಸಿರು ಬಳೆ, ಕಾಲಿಗೆ ಮೊಮ್ಮಗನ ಬೂಟು. ಹಾಡುಗಳ ನಡುವೆ ಒಂದು ಕ್ಷಣ ಸದ್ದು ಅಡಗಿದಾಗ ಆಕೆ ತನಗೆ ತಾನೇ ಹೇಳಿಕೊಳ್ಳುವಂತೆ, "ಎವ್ವಾ, ಕಿವಿ ಒಡದು ಹೋದ್ವು" ಎಂದಳು.

ವಿಮಲಾ ಸರಕ್ಕನೆ ತಿರುಗಿದಳು. "ಯಾವೂರ್ರೀ ನಿಮ್ದು?"

"ಗದಗ ಬಾಜೂಕ ಹಳ್ಳಿರಿ. ಶಾಂತವ್ವ ಅಂತಾರ್ರಿ ನನಗ. ನಿಮ್ದು?"

"ಧಾರ್ವಾಡ. ಸಪ್ತಾಪೂರ ಭಾವಿ ಹತ್ರ."

"ಅಯ್ಯ ನಮ್ಮವ್ವಾ! ನಮ್ಮ ತಂಗೀನ್ನ ಅಲ್ಲೇ ಕೊಟ್ಟೇವ್ರಿ!"

ಇಷ್ಟೇ ಬೇಕಾಗಿತ್ತು. ತಂಗಿಯ ಗಂಡ, ಅವನ ಅಂಗಡಿ, ಆ ಅಂಗಡಿಯ ಎದುರಿನ ಹುಣಸೆಮರ, ಗೌಳಿಗರ ಎಮ್ಮೆಗಳು. ಮಾತು ಸಿಗದಲ್ಲಿ ವಿಮಲಾ ಗಾಳಿಯಲ್ಲಿ ಕೈಯಾಡಿಸುವಳು. ಶಾಂತವ್ವ ಆ ಮಾತನ್ನು ಹೆಕ್ಕಿ ಕೊಡುವಳು. ಅನಿತಾ ಹಿಂದಿನ ಸಾಲಿನಿಂದ ಬಗ್ಗಿ ತಾಯಿಯ ಮುಖ ನೋಡುತ್ತಿದ್ದಳು. ವಿಮಲಾ ಜೋರಾಗಿ ನಕ್ಕಳು. ಆ ನಗು ಅಷ್ಟು ದೊಡ್ಡದೆಂದು ಅನಿತಾಳಿಗೂ ಮರೆತಿತ್ತೇನೋ.

ಆಗ ವೇದಿಕೆಯ ಮೇಲೆ ಒಬ್ಬರು ಭಾಷಣಕ್ಕೆ ನಿಂತಿದ್ದರು. ನಾವು ಎಲ್ಲಿಯೇ ಇರಲಿ, ಮನೆಯಲ್ಲಿ ಕನ್ನಡ ಮಾತಾಡೋಣ ಎಂದು ಹೇಳುತ್ತಿದ್ದರು. ಶಾಲು ಹಂಚಿದ ಕಾರ್ಯಕರ್ತೆಯೊಬ್ಬಳು ಬಗ್ಗಿಕೊಂಡು ಓಡಿಬಂದು ವಿಮಲಾಳ ಮೊಣಕಾಲು ಮುಟ್ಟಿದಳು.

"ಆಂಟಿ, ಪ್ಲೀಸ್, ಮಾತಾಡಬೇಡಿ. ಸ್ಪೀಚ್ ನಡೀತಿದೆ. ವಿಡಿಯೊದಲ್ಲಿ ನಿಮ್ಮ ವಾಯ್ಸ್ ಬರ್ತಿದೆ."

ವಿಮಲಾ ಬಾಯಿ ಮುಚ್ಚಿದಳು. ಶಾಲೆಯಲ್ಲಿ ಬೈಸಿಕೊಂಡ ಮಗುವಿನ ಹಾಗೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ನಾನು ಎದ್ದು ನಿಂತೆ. ವಾರ್ಡಿನ ದನಿ ಇನ್ನೂ ನನ್ನ ಗಂಟಲಿನಲ್ಲಿತ್ತು. ಅದನ್ನು ತೆಗೆಯಲೇ ಎಂದು ಒಂದು ಕ್ಷಣ ಯೋಚಿಸಿದೆ. ತೆಗೆಯಲಿಲ್ಲ. ಆ ಇಬ್ಬರ ತೋಳು ಹಿಡಿದು ಹೊರಗೆ ನಡೆಸಿಕೊಂಡು ಬಂದೆ. ಶಾಲೆಯ ಕಾರಿಡಾರಿನಲ್ಲಿ, ಮಕ್ಕಳ ನೀರು ಕುಡಿಯುವ ನಲ್ಲಿಯ ಪಕ್ಕ, ಒಂದು ಬೆಂಚಿನ ಮೇಲೆ ಅವರು ಊಟದ ಕರೆ ಬರುವವರೆಗೂ ಮಾತಾಡಿದರು. ನಾನು ಬಾಗಿಲು ಕಾದೆ.

ಶಾಂತವ್ವನ ಮಗ ಬಂದು ಆಕೆಯನ್ನು ಕರೆದೊಯ್ದ. ಷಿಕಾಗೋದ ಸುತ್ತಿನ ಆ ದೊಡ್ಡ ಸೈಟಿನಲ್ಲಿ ಸಿಗದ ಒಬ್ಬಳು ನಮಗೆ ಸಿಕ್ಕಿದ್ದು ಅರ್ಧ ದಿನದ ದಾರಿಯಲ್ಲಿ.

ಮತ್ತೆ ಲೊಂಬಾರ್ಡ್

ಇಬ್ಬರಿಗೂ ಫೋನಿನಲ್ಲಿ ಮುಖ ನೋಡಿ ಮಾತಾಡುವ ವ್ಯವಸ್ಥೆ ಮಾಡಿಸಿದೆ. ದಿನಾ ಹತ್ತು ಗಂಟೆಗೆ ಎಂದು ನಿಯಮ ಇಟ್ಟೆ. ಮೊದಲ ದಿನ ಶಾಂತವ್ವ ತನ್ನ ಹತ್ತಕ್ಕೆ ಕರೆದಾಗ ನಾನು ವಿಮಲಾಳಿಗೆ ಸ್ನಾನ ಮಾಡಿಸುತ್ತಿದ್ದೆ. ವಿಮಲಾ ತನ್ನ ಹತ್ತಕ್ಕೆ ಕರೆದಾಗ ಆಕೆ ಸೊಸೆಯ ಅಡುಗೆಗೆ ನಿಂತಿದ್ದಳು. ಡೆಟ್ರಾಯಿಟಿನ ಗಡಿಯಾರ ಎರಡನೆಯ ಸಲ ನನ್ನನ್ನು ಸೋಲಿಸಿತು. ಮರುದಿನದಿಂದ ಸರಿಹೋಯಿತು. ಪಕ್ಕದ ಕೋಣೆಯಿಂದ ಆ ಹರಟೆ ಕೇಳಿಸಿಕೊಳ್ಳುತ್ತ ನಾನು ಪೆಟ್ಟಿಗೆ ತುಂಬಿದೆ. ಕೆಲಸ ಮುಗಿಸಿ ಹೊರಟಿದ್ದೇನೆ ಎಂದೇ ತಿಳಿದಿದ್ದೆ.

ಹೊರಡುವ ಮುನ್ನಾ ದಿನ ಶಾಂತವ್ವ ನನ್ನನ್ನು ಕೇಳಿದಳು: "ಅಕ್ಕಾರ, ನೀವು ಯಾವಾಗ ಹೊಂಟೀರಿ? ನಂದೂ ಮುಂದಿನ ತಿಂಗಳ ವೀಸಾ ಮುಗೀತೈತ್ರಿ. ನಾನೂ ಊರಿಗೆ ಹೊಕ್ಕೀನ್ರಿ."

ಅದನ್ನು ನಾನು ಕೇಳಿರಲೇ ಇಲ್ಲ. ಆಕೆಯೂ ನನ್ನ ಹಾಗೆ ಕೆಲವು ತಿಂಗಳಿಗೆ ಬಂದ ಎರಡು ಖಾಲಿ ಕೈ.

ಧಾರವಾಡ

ಈಗ ಶಾಂತವ್ವ ಗದಗಿನ ಪಕ್ಕದ ಹಳ್ಳಿಯಲ್ಲಿದ್ದಾಳೆ. ಇಲ್ಲಿಂದ ಒಂದು ಬಸ್ಸು. ಬೇಕೆಂದರೆ ನಾಳೆ ಬೆಳಗ್ಗೆ ಹೋಗಿ ಆಕೆಯ ಕಟ್ಟೆಯ ಮೇಲೆ ಕುಳಿತು ಸಂಜೆಯವರೆಗೆ ಮಾತಾಡಬಹುದು. ನನಗೆ ಅದರ ಅಗತ್ಯವಿಲ್ಲ. ಅಗತ್ಯವಿರುವವಳು ಲೊಂಬಾರ್ಡಿನಲ್ಲಿದ್ದಾಳೆ. ನಮ್ಮ ಸಂಜೆ ಅವಳ ಬೆಳಗು. ಆ ಹೊತ್ತಿಗೆ ಒಂದು ದಿನ ನಾನು, ಒಂದು ದಿನ ಶಾಂತವ್ವ ಕರೆಯುತ್ತೇವೆ. ಪಾಳಿ ತಪ್ಪಿಲ್ಲ. ಆದರೆ ಹಳ್ಳಿಯಲ್ಲಿ ನೆಟ್‌ವರ್ಕ್ ತಪ್ಪುತ್ತದೆ, ಮುಖ ಚೌಕ ಚೌಕವಾಗಿ ಒಡೆಯುತ್ತದೆ. ವಿಮಲಾಳ ಮಾತುಗಳ ನಡುವಿನ ಖಾಲಿ ಜಾಗ ದೊಡ್ಡದಾಗುತ್ತಿದೆ. ಗಾಳಿಯಲ್ಲಿ ಆಡುವ ಆ ಕೈ ಮಾತ್ರ ಕಾಣುತ್ತದೆ. ಇಷ್ಟು ದೂರದಿಂದ ಮಾತು ಹೆಕ್ಕಿ ಕೊಡುವುದು ಕಷ್ಟ.

ಆ ವೆಬ್‌ಸೈಟು ನನ್ನನ್ನು ಮರೆತಿಲ್ಲ. ನಿಮ್ಮ ಜಾಹೀರಾತಿನ ಅಗತ್ಯ ಪೂರೈಸಿತೇ ಎಂದು ಆಗಾಗ ಕೇಳುತ್ತದೆ. ಹೌದು ಎಂದರೆ ಅಳಿಸುತ್ತದೆ. ಇಲ್ಲ ಎಂದು ಒತ್ತುತ್ತೇನೆ. ಸೋಫಾ ಮಾರಾಟವಾಗಿ ಹೋಗಿದೆ. ಟ್ರೆಡ್‌ಮಿಲ್ಲೂ ಹೋಗಿದೆ. ನಮ್ಮದು ಅಲ್ಲಿಯೇ ಇದೆ.

ನಿನ್ನೆ ನನ್ನ ಪಾಳಿ. ಅನಿತಾ ಫೋನನ್ನು ತಾಯಿಯ ಮುಂದೆ ಆನಿಸಿಟ್ಟು, "ಊಟ ಆತೇನು, ದೊಡ್ಡವ್ವಾ?" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ ಆಫೀಸಿಗೆ ಓಡಿದಳು. ಅವಳು ಕಲಿತ ಒಂದು ವಾಕ್ಯ ಅದು. ಅದನ್ನು ತಾಯಿಗೂ ದಿನಾ ಹೇಳುತ್ತಾಳಂತೆ. ತಾಯಿ ಉತ್ತರ ಕೊಟ್ಟರೆ ಮುಂದಿನ ಮಾತು ಇವಳ ಬಳಿ ಇಲ್ಲ. ವಿಮಲಾ ಫೋನಿನ ಹತ್ತಿರಕ್ಕೆ ಮುಖ ತಂದಳು.

"ಅಕ್ಕಾ, ನೀ ಈಗ ಯಾವೂರಾಗಿದ್ದಿ?"

"ಧಾರವಾಡದಾಗ ಅದೀನವಾ. ಮನ್ಯಾಗ."

"ಹೌದಾ?" ಮಾತನ್ನು ಹುಡುಕಿದಳು. ಸಿಕ್ಕಿತು. "ಅಲ್ಲೆ ಕನ್ನಡಾ ಮಾತಾಡೋರು ಸಿಗ್ತಾರೇನ ನಿನಗ?"

ನಾನು ಉತ್ತರ ಕೊಡುವ ಮೊದಲೇ ಕಿಟಕಿಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ತಾಯಿ ಅಂಗಳದಲ್ಲಿ ತನ್ನ ಮಗುವಿಗೆ ಉಣಿಸುತ್ತಿದ್ದಳು. "ಓಪನ್ ಯುವರ್ ಮೌತ್. ನೋ ಟಾಕಿಂಗ್. ಫಿನಿಶ್ ದ ರೈಸ್ ಫಸ್ಟ್."

"ಸಿಗ್ತಾರವಾ" ಎಂದೆ. ಎದ್ದು ಹೋಗಿ, ವಿಮಲಾಳಿಗೆ ಕೇಳಿಸದಿರಲೆಂದು ಕಿಟಕಿ ಮುಚ್ಚಿದೆ.